ಕೆಡಲ್‌ಸ್ಟನ್ ಹಾಲ್: ಮೊದಲು ಚರ್ಚು, ಆಮೇಲೆ ಮನೆ

ಪ್ರಶ್ನೆ: ಮಗಳು, ಅಳಿಯ ಇಂಗ್ಲೆಂಡಿನ ಡರ್ಬಿಯಲ್ಲಿದ್ದಾರೆ. ಮೇ ತಿಂಗಳಲ್ಲಿ ಮೂರು ವಾರ ಅಲ್ಲಿರುತ್ತೇವೆ. ಲಾರ್ಡ್ ಕರ್ಜನ್ ಹುಟ್ಟಿದ ಕೆಡಲ್‌ಸ್ಟನ್ ಹಾಲ್ ಅಲ್ಲಿಗೆ ಹತ್ತಿರವಂತೆ, ಪಕ್ಕದಲ್ಲೇ ಒಂದು ಹಳೆಯ ಚರ್ಚೂ ಇದೆಯಂತೆ. ಒಂದೇ ದಿನದಲ್ಲಿ ಎರಡನ್ನೂ ನೋಡಬಹುದೇ? ಟಿಕೆಟ್, ಫೋಟೊ, ಚಪ್ಪಲಿ, ಊಟ ಇವೆಲ್ಲದರ ರೀತಿನೀತಿ ಏನು? ಯಾವುದನ್ನು ಬಿಡಬಾರದು? ನನ್ನ ಮನೆಯವರಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು.
– ನಿವೃತ್ತ ಇತಿಹಾಸ ಶಿಕ್ಷಕರು, ದಾವಣಗೆರೆ

ಉತ್ತರ: ಒಂದು ದಿನ ಧಾರಾಳ ಸಾಕು. ಕೆಡಲ್‌ಸ್ಟನ್ ಇರುವುದು ಡರ್ಬಿ ಪೇಟೆಯಿಂದ ವಾಯವ್ಯಕ್ಕೆ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿ. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಇಲ್ಲಿ ಎಡವಟ್ಟಾಗುವುದು ದೂರದಿಂದಲ್ಲ, ವೇಳೆಯಿಂದ.

ಪಾರ್ಕು, ಮನೆ, ಚರ್ಚು ಈ ಮೂರಕ್ಕೂ ತೆರೆಯುವ ಹೊತ್ತು ಬೇರೆ ಬೇರೆ. ಪಾರ್ಕು ಹೆಚ್ಚುಕಡಿಮೆ ವರ್ಷವಿಡೀ ತೆರೆದಿರುತ್ತದೆ. ಮನೆ ಹಾಗಲ್ಲ. ಚಳಿಗಾಲದಲ್ಲಿ ಅದನ್ನು ಮುಚ್ಚಿ, ಪೀಠೋಪಕರಣಗಳಿಗೆ ಬಟ್ಟೆ ಹೊದಿಸಿ, ಒಂದೊಂದೇ ವಸ್ತುವನ್ನು ಮೃದು ಕುಂಚದಿಂದ ಒರೆಸುತ್ತಾರೆ. ಬೇಸಿಗೆಯಲ್ಲೂ ವಾರದ ಏಳು ದಿನ ತೆರೆದಿರುತ್ತದೆ ಎಂದುಕೊಳ್ಳಬೇಡಿ. ತೆರೆದ ದಿನವೂ ಮನೆಯ ಬಾಗಿಲು ಪಾರ್ಕಿನ ಗೇಟಿಗಿಂತ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಕೊನೆಯ ಪ್ರವೇಶ ಅದಕ್ಕೂ ಮೊದಲೇ ಮುಗಿಯುತ್ತದೆ. ಗೂಗಲ್ ಮ್ಯಾಪ್ 'ಓಪನ್' ಎಂದು ತೋರಿಸಿತೆಂದು ಹೊರಟು, ಕುರಿ ಮೇಯುವ ಹುಲ್ಲುಗಾವಲನ್ನಷ್ಟೇ ನೋಡಿ ವಾಪಸಾಗುವವರು ಇದ್ದಾರೆ. ಅಲ್ಲಿ ಕಾಣುವುದು ಎಷ್ಟೋ ಸಲ ಪಾರ್ಕಿನ ವೇಳೆ. ಮನೆಯನ್ನು 1987ರಿಂದ ನಡೆಸುತ್ತಿರುವುದು ನ್ಯಾಷನಲ್ ಟ್ರಸ್ಟ್ ಎಂಬ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ. ಅದರ ವೆಬ್‌ಸೈಟಿನಲ್ಲಿ ನೀವು ಹೋಗುವ ತಾರೀಕನ್ನೇ ಆರಿಸಿ, 'ಹೌಸ್' ಎಂಬ ಸಾಲಿನ ಮುಂದೆ ಏನಿದೆ ಎಂದು ನೋಡಿ. ಚರ್ಚು ಟ್ರಸ್ಟಿಗೆ ಸೇರಿದ್ದಲ್ಲ. ಅದು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಬೇರೆಯೇ ಸಂಸ್ಥೆಯ ಸುಪರ್ದಿಯಲ್ಲಿದೆ, ಅದರ ವೇಳೆಯನ್ನು ಆ ಸಂಸ್ಥೆಯ ಪುಟದಲ್ಲೇ ನೋಡಬೇಕು. ಬಾಗಿಲು ತೆರೆಯುವುದು ಸ್ವಯಂಸೇವಕರನ್ನು ನೆಚ್ಚಿಕೊಂಡಿರುವುದರಿಂದ ಎರಡು ದಿನ ಮುಂಚೆ ಒಂದು ಫೋನ್ ಮಾಡಿದರೆ ಒಳ್ಳೆಯದು. ಮೇ ತಿಂಗಳ ಮೊದಲ ಹಾಗೂ ಕೊನೆಯ ಸೋಮವಾರ ಇಂಗ್ಲೆಂಡಿಗೆಲ್ಲ ರಜೆ. ಆ ಎರಡು ವಾರಾಂತ್ಯಗಳನ್ನು ಬಿಟ್ಟು ಬೇರೆ ದಿನ ಹೋಗಿ, ಅಳಿಯಂದಿರಿಗೆ ಕೆಲಸಕ್ಕೆ ಒಂದು ದಿನ ರಜೆ ಹಾಕಲು ಹೇಳಿದರೂ ಸರಿಯೆ.

ಕಾರು ಇಲ್ಲದಿದ್ದರೆ ಟ್ಯಾಕ್ಸಿಯೇ ಗತಿ. ಹೋಗುವಾಗಲೇ ವಾಪಸು ಬರುವ ಗಾಡಿಯನ್ನೂ ಹೊತ್ತು ಹೇಳಿ ಬುಕ್ ಮಾಡಿಕೊಳ್ಳಿ. ಪಾರ್ಕಿನ ಗೇಟಿನ ಹೊರಗೆ ನಿಂತು ಕೈ ಅಡ್ಡ ಹಾಕಿದರೆ ಗಾಡಿ ಸಿಗುವ ಜಾಗ ಅದಲ್ಲ.

ಟಿಕೆಟ್ ಕೌಂಟರಿನಲ್ಲಿ ಎರಡು ದರ ಕೇಳಿಬರುತ್ತದೆ, ಒಂದು ಮಾಮೂಲಿ, ಇನ್ನೊಂದು 'ಗಿಫ್ಟ್ ಏಡ್' ಸೇರಿದ್ದು. ಎರಡನೆಯದರಲ್ಲಿ ನೀವು ಹತ್ತು ಪರ್ಸೆಂಟಿನಷ್ಟು ಹೆಚ್ಚಿಗೆ ಕೊಡುತ್ತೀರಿ. ಆಗ ಇಡೀ ಮೊತ್ತ ದೇಣಿಗೆ ಎನಿಸಿಕೊಂಡು, ಅದರ ಮೇಲೆ ಪೌಂಡಿಗೆ 25 ಪೆನ್ಸಿನಂತೆ ಸರ್ಕಾರದಿಂದ ಟ್ರಸ್ಟಿಗೆ ತೆರಿಗೆ ವಾಪಸು ಬರುತ್ತದೆ. ಇದು ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ಮಗಳು, ಅಳಿಯ ಬೇಕಿದ್ದರೆ ಹೂಂ ಅನ್ನಲಿ, ನೀವಿಬ್ಬರೂ ಮಾಮೂಲಿ ಟಿಕೆಟ್ಟನ್ನೇ ಕೇಳಿ ಪಡೆಯಿರಿ. ಮಗಳ ಮನೆಯವರ ಹತ್ತಿರ ಇಂಗ್ಲಿಷ್ ಹೆರಿಟೇಜ್ ಕಾರ್ಡ್ ಇದ್ದರೆ ಅದು ಇಲ್ಲಿ ನಡೆಯುವುದಿಲ್ಲ, ಅದು ಬೇರೆ ಸಂಸ್ಥೆ. ಮೂರು ವಾರದಲ್ಲಿ ಇಂಥ ನಾಲ್ಕೈದು ಜಾಗ ನೋಡುವ ಇರಾದೆಯಿದ್ದರೆ ಬಿಡಿ ಟಿಕೆಟ್ಟುಗಳ ಮೊತ್ತವನ್ನು ಒಂದು ವರ್ಷದ ಸದಸ್ಯತ್ವದ ಜೊತೆ ಹೋಲಿಸಿ ನೋಡಿ. ಟಿಕೆಟ್ ಕೊಳ್ಳುವಾಗಲೇ ಇನ್ನೂ ಒಂದು ಮಾತು ಕೇಳಿ: ಇವತ್ತು ಯಾವ ಕೋಣೆ ಮುಚ್ಚಿದೆ? ದುರಸ್ತಿಗೆ, ಸಮಾರಂಭಕ್ಕೆ ಎಂದು ಒಂದಿಲ್ಲೊಂದು ಬಾಗಿಲಿಗೆ ಹಗ್ಗ ಕಟ್ಟಿರಬಹುದು. ಚರ್ಚಿಗೆ ಟಿಕೆಟ್ ಇಲ್ಲ, ಬಾಗಿಲ ಬಳಿ ಕಾಣಿಕೆ ಪೆಟ್ಟಿಗೆ ಇರುತ್ತದೆ.

ಈಗ ನೋಡುವ ಕ್ರಮ. ಬಂದವರೆಲ್ಲ ನೇರವಾಗಿ ಮನೆಗೆ ನುಗ್ಗಿ, ಕಾಲು ಸೋತ ಮೇಲೆ 'ಚರ್ಚೂ ಇದೆಯಂತೆ' ಎಂದು ಇಣುಕುತ್ತಾರೆ. ನೀವು ತಿರುಗಾಮುರುಗಾ ಮಾಡಿ. ಚರ್ಚನ್ನು ಮೊದಲು ನೋಡಿ ಎನ್ನಲು ವೇಳೆಯ ಅನುಕೂಲ ಒಂದು ಕಾರಣ, ಆದರೆ ಮುಖ್ಯ ಕಾರಣ ಬೇರೆ. ಕರ್ಜನ್ ಮನೆತನ ಈ ನೆಲದಲ್ಲಿರುವುದು 12ನೇ ಶತಮಾನದಿಂದ. ಈಗ ಕಾಣುವ ಮನೆ ಕಟ್ಟಲು ಶುರುವಾದದ್ದು 1759ರಲ್ಲಿ. ಅಂದರೆ ಆ ಭವ್ಯ ಬಂಗಲೆಯೇ ಅಲ್ಲಿ ಹೊಸದು. ಮೊದಲು ಅಲ್ಲೊಂದು ಊರಿತ್ತು, ಊರಿನ ನಡುವೆ ಚರ್ಚು, ಚರ್ಚಿನ ಪಕ್ಕ ದಣಿಗಳ ಹಳೆಯ ಮನೆ. ಸರ್ ನಥಾನಿಯೆಲ್ ಕರ್ಜನ್ ಹೊಸ ಮನೆ ಕಟ್ಟಲು ಹೊರಟಾಗ ಕಿಟಕಿಯಿಂದ ನೋಡಿದರೆ ಬರೀ ಹುಲ್ಲು, ಮರ, ನೀರು ಕಾಣಬೇಕೆಂದು ಇಡೀ ಊರನ್ನು ಎತ್ತಿ ದೂರಕ್ಕೆ ಸಾಗಿಸಿದ. ಸಾರ್ವಜನಿಕ ರಸ್ತೆಯನ್ನೂ ಸರಿಸಿದ. ಪೂರ್ವಜರು ಮಲಗಿದ್ದ ಚರ್ಚನ್ನು ಮಾತ್ರ ಇದ್ದಲ್ಲೇ ಬಿಟ್ಟ. ಹಾಗಾಗಿ ಊರೇ ಇಲ್ಲದ ಊರ ಚರ್ಚು ಇವತ್ತು ಬಂಗಲೆಯ ಪಶ್ಚಿಮ ಪಕ್ಕಕ್ಕೆ ಅಂಟಿಕೊಂಡಂತೆ ನಿಂತಿದೆ. ಮನೆಯ ಒಳಗೆ ಕಾಣುವುದು ಒಂದು ತಲೆಮಾರಿನ ಆಡಂಬರ. ಏಳೆಂಟು ನೂರು ವರ್ಷದ ಲೆಕ್ಕಪುಸ್ತಕ ಇರುವುದು ಚರ್ಚಿನಲ್ಲಿ.

ಎಲ್ಲ ಸಂತರ ಹೆಸರಿನ ಚರ್ಚು ಇದು, ಆಲ್ ಸೇಂಟ್ಸ್. ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ನಕ್ಷೆ ತಿಳಿಯುತ್ತದೆ: ಶಿಲುಬೆಯಾಕಾರ, ನಡುವೆ ಚೌಕ ಗೋಪುರ. ಬಹುಭಾಗ 13ನೇ ಶತಮಾನದ ಕೊನೆಯದು, ಗೋಪುರದ ಮೇಲಂತಸ್ತು ಅದಕ್ಕಿಂತ ಈಚಿನದು. ದಕ್ಷಿಣದ ಬಾಗಿಲಿನ ಮುಂದೆ ಒಂದು ನಿಮಿಷ ನಿಲ್ಲಿ. ಅದು ಎಲ್ಲಕ್ಕಿಂತ ಹಳೆಯದು, 12ನೇ ಶತಮಾನದ, ನಾರ್ಮನ್ ದೊರೆಗಳ ಕಾಲದ ಶೈಲಿಯ ಕೆಲಸ. ಅರ್ಧವೃತ್ತದ ಕಮಾನು, ಅದರೊಳಗಿನ ಕೆತ್ತನೆ ಮಳೆಗಾಳಿಗೆ ಸವೆದು ಗುರುತು ಹತ್ತದಂತಾಗಿದೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಆಕಾರಗಳು ಎದ್ದು ಕಾಣುತ್ತವೆ, ನಡುಹಗಲಲ್ಲಿ ಬರೀ ಒರಟು ಕಲ್ಲು. ಪೂರ್ವದ ಗೋಡೆಯ ನೆತ್ತಿಯಲ್ಲಿ ಬಿಸಿಲು ಗಡಿಯಾರವಿದೆ, ಅದು ಬಹಳ ಈಚಿನ ಸೇರ್ಪಡೆ.

ಇಂಗ್ಲೆಂಡಿನ ಹಳೆಯ ಚರ್ಚುಗಳ ಬಾಗಿಲಿಗೆ ಹೆಚ್ಚಾಗಿ ಕಬ್ಬಿಣದ ದಪ್ಪ ಬಳೆಯೊಂದು ನೇತಾಡುತ್ತದೆ. ಅದು ಎಳೆಯುವುದಕ್ಕಲ್ಲ, ತಿರುಗಿಸುವುದಕ್ಕೆ. ತಿರುಗಿಸಿದರೆ ಒಳಗಿನ ಚಿಲುಕ ಮೇಲೇಳುತ್ತದೆ, ಆಗ ಬಾಗಿಲನ್ನು ಭುಜ ಕೊಟ್ಟು ತಳ್ಳಬೇಕು. ಬಳೆ ಎಳೆದು ನೋಡಿ, ಬೀಗ ಹಾಕಿದೆ ಎಂದುಕೊಂಡು ಹಿಂದಿರುಗುವುದು ಹೊಸಬರ ಮಾಮೂಲಿ ತಪ್ಪು. ಒಳಗೆ ಹೋದಮೇಲೆ ಬಾಗಿಲನ್ನು ಮತ್ತೆ ಹಾಕಿ, ಇಲ್ಲದಿದ್ದರೆ ಹಕ್ಕಿಗಳು ನುಗ್ಗಿ ಹೊರದಾರಿ ಕಾಣದೆ ಒಳಗೇ ಸಾಯುತ್ತವೆ.

ಚಪ್ಪಲಿ ಬಿಡಬೇಕಾಗಿಲ್ಲ. ಬಿಡಲೂಬೇಡಿ, ಕಲ್ಲಿನ ನೆಲ ಮೇ ತಿಂಗಳಲ್ಲೂ ಕೊರೆಯುತ್ತದೆ. ಪಾರ್ಕಿನ ಕೆಸರನ್ನು ಮಾತ್ರ ಹೊರಗೇ ಒರೆಸಿಕೊಳ್ಳಿ. ಗಂಡಸರು ಟೋಪಿ ತೆಗೆಯುವುದು ವಾಡಿಕೆ. ಹೆಂಗಸರು ತಲೆ ಮುಚ್ಚಬೇಕೆಂಬ ನಿಯಮವಿಲ್ಲ. ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬಹುದು. ಪೂಜಾಪೀಠದ ಮುಂದಿನ ಕಟಕಟೆಯನ್ನು ದಾಟಬೇಡಿ. ನೆಲದಲ್ಲಿ ಹೆಸರು ಕೊರೆದ ಕಲ್ಲುಗಳ ಕೆಳಗೆ ಸಮಾಧಿಗಳಿರಬಹುದು. ನಮಗೆ ಮೆಟ್ಟಲು ಕಾಲು ಬಾರದು, ಆದರೆ ಅಲ್ಲಿ ಅದು ನಡೆಯುವ ನೆಲವೇ, ಅಗೌರವವೆಂದು ಯಾರೂ ತಿಳಿಯುವುದಿಲ್ಲ. ಹಿತ್ತಾಳೆಯ ಫಲಕ ಹುದುಗಿಸಿದ್ದರೆ ಮಾತ್ರ ಸುತ್ತು ಹಾಕಿ ಹೋಗಿ, ಬೂಟಿನ ಮರಳು ಗೆರೆಗಳನ್ನು ಸವೆಸುತ್ತದೆ. ಈ ಚರ್ಚಿನಲ್ಲಿ ಈಗ ವಾರವಾರದ ಪ್ರಾರ್ಥನೆ ನಡೆಯುವುದಿಲ್ಲ, ಆದರೂ ಅದು ಪವಿತ್ರ ಸ್ಥಳವಾಗಿಯೇ ಉಳಿದಿದೆ. ಶೌಚಾಲಯ ಇಲ್ಲ, ಮೊದಲೇ ಮುಗಿಸಿಕೊಂಡು ಬನ್ನಿ. ಸ್ವೆಟರು ಹಾಕಿಕೊಳ್ಳಿ.

ಒಳಗೆ ಮೊದಲು ಪೂರ್ವದ ತುದಿಗೆ, ಪೂಜಾಪೀಠದ ಮುಂದಿನ ಚಾನ್ಸೆಲ್ ಎಂಬ ಭಾಗಕ್ಕೆ ನಡೆಯಿರಿ. ನೆಲದಲ್ಲಿ ಎರಡು ದುಂಡನೆಯ ಮರದ ಮುಚ್ಚಳಗಳಿವೆ. ಹೆಚ್ಚಿನವರು ಅವುಗಳ ಮೇಲೆ ಕಣ್ಣೂ ಹಾಯಿಸದೆ ದಾಟಿಹೋಗುತ್ತಾರೆ. ಅವನ್ನು ಎತ್ತಿದರೆ ಕೆಳಗೆ ಕಲ್ಲಿನಲ್ಲಿ ಕೊರೆದ ನಾಲ್ಕೆಸಳಿನ ಕುಳಿಗಳು, ಒಂದೊಂದರಲ್ಲಿ ಒಂದೊಂದು ಮುಖ. ಒಬ್ಬ ಯೋಧ, ಇನ್ನೊಬ್ಬಳು ಅವನ ಮಡದಿ. ಕಾಲ ಸುಮಾರು 1300. ಬರೀ ತಲೆಗಳು, ಮೈಯಿಲ್ಲ. ನೆಲದೊಳಗಿನಿಂದ ಇಬ್ಬರೂ ಮೇಲೆ ನೋಡುತ್ತಿರುವಂತೆ ಕೆತ್ತಿದ್ದಾರೆ. ಶತಮಾನಗಳ ಕಾಲ ಮುಚ್ಚಳದಡಿ ಇದ್ದದ್ದರಿಂದಲೇ ಮೂಗು, ತುಟಿ, ಮುಸುಕಿನ ಮಡಿಕೆ ಉಳಿದಿವೆ. ನೀವಾಗಿ ಎತ್ತಬೇಡಿ. ಅಲ್ಲಿರುವ ಸ್ವಯಂಸೇವಕರನ್ನು ಕೇಳಿದರೆ ಎತ್ತಿ ತೋರಿಸುತ್ತಾರೆ. ಫೋನಿನ ಟಾರ್ಚನ್ನು ನೇರ ಮೇಲಿನಿಂದ ಬಿಡದೆ ಪಕ್ಕದಿಂದ, ನೆಲಮಟ್ಟಕ್ಕೆ ಹಿಡಿದು ನೋಡಿ.

ಆಮೇಲೆ ದಕ್ಷಿಣದ ತೋಳಿನ ಕಡೆ ಬಂದರೆ 15ನೇ ಶತಮಾನದ ಗೋರಿಗಳು, ಗಂಡಹೆಂಡಿರು ಅಂಗಾತ ಮಲಗಿದ ಶಿಲ್ಪಗಳು. ಇವು ಅಲಾಬಾಸ್ಟರ್ ಎಂಬ ಕಲ್ಲಿನವು. ಈ ಕಲ್ಲನ್ನು ಇಲ್ಲಿಯೇ ಸರಿಯಾಗಿ ನೋಡಿಟ್ಟುಕೊಳ್ಳಿ, ಮನೆಯೊಳಗೆ ಇದೇ ಮತ್ತೆ ಎದುರಾಗುತ್ತದೆ. ಇದು ಜಿಪ್ಸಮ್ಮಿನ ಒಂದು ರೂಪ. ಕೆನೆಬಣ್ಣದಲ್ಲಿ ಕಂದು, ಕೆಂಪು ನರಗಳು ಓಡಿರುತ್ತವೆ. ಉಗುರಿನಿಂದ ಗೀರಿದರೂ ಗುರುತು ಬೀಳುವಷ್ಟು ಮೆದು. ಚಾಕುವಿನಂಥ ಉಪಕರಣದಿಂದಲೇ ಸರಪಣಿ ಕವಚದ ಒಂದೊಂದು ಕೊಂಡಿಯನ್ನೂ ಬಿಡಿಸಬಹುದು. ನೀರಿಗೆ ನಿಧಾನವಾಗಿ ಕರಗುತ್ತದೆ, ಆದ್ದರಿಂದ ಹೊರಗಿಡುವಂತಿಲ್ಲ. ಡರ್ಬಿಯ ದಕ್ಷಿಣಕ್ಕಿರುವ ಚೆಲಾಸ್ಟನ್ ಗಣಿ ಮಧ್ಯಯುಗದಲ್ಲಿ ಈ ಕಲ್ಲಿಗೆ ಹೆಸರುವಾಸಿಯಾಗಿತ್ತು. ಹಾಗಾಗಿ ಈ ಸೀಮೆಯ ಚರ್ಚುಗಳಲ್ಲೆಲ್ಲ ಇಂಥ ಗೋರಿಗಳು ಸಿಗುತ್ತವೆ. ಮೆದುವಾದ್ದರಿಂದಲೇ ಹಿಂದಿನ ಪುಂಡ ಹುಡುಗರು ಹೆಸರು ಗೀಚುವುದಕ್ಕೂ ಸಲೀಸು. ಮುಟ್ಟಬೇಡಿ ಎನ್ನುವುದು ಬರೀ ಶಿಷ್ಟಾಚಾರವಲ್ಲ, ಬೆವರಿನ ಉಪ್ಪು, ಎಣ್ಣೆ ಈ ಕಲ್ಲಿಗೆ ಇಳಿದರೆ ತೆಗೆಯುವುದು ಕಷ್ಟ.

18ನೇ ಶತಮಾನದ ಅಮೃತಶಿಲೆಯ ದೊಡ್ಡ ಸ್ಮಾರಕಗಳನ್ನು ಬೇಗ ನೋಡಿ ಮುಗಿಸಬಹುದು. ರೈಸ್‌ಬ್ರಾಕ್, ಸ್ಕೀಮೇಕರ್ಸ್ ಇಬ್ಬರೂ ಆ ಕಾಲದ ಹೆಸರಾಂತ ಶಿಲ್ಪಿಗಳು, ಕೆಲಸದಲ್ಲಿ ಕುಂದಿಲ್ಲ, ಆದರೆ ಇಂಥವು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಸಮಯ ಉಳಿಸಿಕೊಂಡು ಉತ್ತರದ ಪಕ್ಕಕ್ಕೆ ಬನ್ನಿ. ಅಲ್ಲಿರುವುದು ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ತನ್ನ ಮೊದಲ ಪತ್ನಿ ಮೇರಿಗಾಗಿ ಕಟ್ಟಿಸಿದ ಸ್ಮಾರಕ. ಮೇರಿ ಲೈಟರ್ ಶಿಕಾಗೊದ ಶ್ರೀಮಂತ ವ್ಯಾಪಾರಿಯ ಮಗಳು. 1906ರಲ್ಲಿ, ಭಾರತದಿಂದ ಮರಳಿದ ಮರುವರ್ಷವೇ ತೀರಿಕೊಂಡಳು. ವಿನ್ಯಾಸ ಜಿ. ಎಫ್. ಬಾಡ್ಲಿಯದು, ಕೆಲಸ ಮುಗಿದದ್ದು 1913ರಲ್ಲಿ. ಕಬ್ಬಿಣದ ಜಾಲರಿಯಾಚೆ, ಹಸಿರು ಸ್ಫಟಿಕ ಶಿಲೆಯ ನೆಲದ ಮೇಲೆ ಬಿಳಿ ಅಮೃತಶಿಲೆಯ ಎರಡು ಆಕೃತಿಗಳು ಪಕ್ಕಪಕ್ಕ ಮಲಗಿವೆ. ಇಬ್ಬರು ದೇವದೂತರು ಬಾಗಿ ಅವರ ತಲೆಯ ಮೇಲೆ ಕಿರೀಟ ಹಿಡಿದಿದ್ದಾರೆ. ಶಿಲ್ಪಿ ಬರ್ಟ್ರಮ್ ಮೆಕೆನಾಲ್, ಆಸ್ಟ್ರೇಲಿಯಾದವನು. ಐದನೇ ಜಾರ್ಜನ ನಾಣ್ಯಗಳ ಮೇಲಿನ ರಾಜಮುಖವನ್ನು ರೂಪಿಸಿದವನೂ ಅವನೇ. ನಿಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಆ ಕಾಲದ ಬೆಳ್ಳಿ ರೂಪಾಯಿ ಇದ್ದರೆ ಅವನ ಕೈಚಳಕ ನಿಮ್ಮ ಮನೆಯಲ್ಲೂ ಇದೆ ಎಂದಾಯಿತು. 1925ರಲ್ಲಿ ತೀರಿಕೊಂಡ ಕರ್ಜನ್‌ನನ್ನು ಸಮಾಧಿ ಮಾಡಿದ್ದೂ ಇಲ್ಲಿಯ ನೆಲಮಾಳಿಗೆಯಲ್ಲಿ. ಕೋಣೆ ಉತ್ತರಕ್ಕಿರುವುದರಿಂದ ನೇರ ಬಿಸಿಲು ಬೀಳುವುದಿಲ್ಲ. ಮೋಡದ ದಿನ ಫೋನ್ ಕ್ಯಾಮೆರಾ ಅಮೃತಶಿಲೆಯನ್ನು ಬೂದಿಬಣ್ಣಕ್ಕೆ ಇಳಿಸಿಬಿಡುತ್ತದೆ, ಬೆಳಕಿನ ಮಟ್ಟವನ್ನು ಕೈಯಿಂದಲೇ ಒಂದು ಹಂತ ಏರಿಸಿಕೊಳ್ಳಿ.

ಇನ್ನೊಂದು ವಿಷಯ ಇತಿಹಾಸ ಪಾಠ ಮಾಡಿದವರಿಗೆ ರುಚಿಸುತ್ತದೆ. ಈ ಚರ್ಚಿನ ಪಾದ್ರಿ ಯಾರಾಗಬೇಕೆಂದು ಹೆಸರಿಸುವ ಹಕ್ಕು ಹಿಂದೆ ದಣಿಗಳದೇ ಆಗಿತ್ತು. ಹಾಗಾಗಿ ಎಷ್ಟೋ ಸಲ ಪಾದ್ರಿಯೂ ಮನೆಯವನೇ. ವೈಸ್‌ರಾಯ್ ಕರ್ಜನ್‌ನ ತಂದೆ, ನಾಲ್ಕನೆಯ ಬ್ಯಾರನ್ ಸ್ಕಾರ್ಸ್‌ಡೇಲ್, ಏಕಕಾಲಕ್ಕೆ ಜಹಗೀರಿನ ಒಡೆಯನೂ ಹೌದು, ಈ ಚರ್ಚಿನ ಪಾದ್ರಿಯೂ ಹೌದು. ಚರ್ಚು ಮನೆಗೆ ಅಷ್ಟು ಹತ್ತಿರ ಉಳಿದದ್ದರ ಅರ್ಥ ಇದರಲ್ಲೇ ಇದೆ. ಚರ್ಚಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಈಗ ಮನೆ. ಮೂರು ವಾಸ್ತುಶಿಲ್ಪಿಗಳ ಕೈ ಇದರಲ್ಲಿದೆ. ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್ ಶುರು ಮಾಡಿದ, ಜೇಮ್ಸ್ ಪೇನ್ ಮುಂದುವರಿಸಿದ, ಉದ್ಯಾನದ ಚಿಕ್ಕಪುಟ್ಟ ಕಟ್ಟಡಗಳಿಗೆಂದು ಬಂದ ಸ್ಕಾಟ್‌ಲೆಂಡಿನ ತರುಣ ರಾಬರ್ಟ್ ಆಡಮ್ 1760ರ ಸುಮಾರಿಗೆ ಇಬ್ಬರನ್ನೂ ಸರಿಸಿ ಇಡೀ ಮನೆಯನ್ನು ತನ್ನ ಕೈಗೆ ತೆಗೆದುಕೊಂಡ. ಉತ್ತರದ ಮುಖದಲ್ಲಿ ಎತ್ತರದ ಕಂಬಸಾಲು ಇದೆ, ಅದು ಬಹುಮಟ್ಟಿಗೆ ಪೇನ್‌ನ ಯೋಜನೆ. ಹಿಂದೆ ಹೋಗಿ ದಕ್ಷಿಣದ ಮುಖ ನೋಡಿದರೆ ಬೇರೆಯೇ ಕಟ್ಟಡದಂತಿದೆ. ರೋಮಿನ ಕಾನ್‌ಸ್ಟಂಟೈನ್ ವಿಜಯ ಕಮಾನನ್ನು ಆಡಮ್ ಒಂದು ಮನೆಯ ಗೋಡೆಗೆ ಅಂಟಿಸಿದ್ದಾನೆ. ಹೆಚ್ಚಿನ ಪ್ರವಾಸಿಗರು ಉತ್ತರದ ಮುಖದ ಫೋಟೊ ತೆಗೆದು ಹೊರಡುತ್ತಾರೆ, ನೀವು ಹಿಂದೆಯೂ ಸುತ್ತಿ ಬನ್ನಿ.

ನಡುವಿನ ಮುಖ್ಯ ಕಟ್ಟಡದಿಂದ ಬಾಗಿದ ಓಣಿಗಳು ಎರಡು ಪಕ್ಕದ ಕಟ್ಟಡಗಳಿಗೆ ಹೋಗುತ್ತವೆ. ಪೂರ್ವದ್ದು ಮನೆಯವರ ವಾಸಕ್ಕೆ, ಪಶ್ಚಿಮದ್ದು ಅಡುಗೆಗೆ. ನಡುವಿನದು ಬರೀ ತೋರಿಕೆಗೆ. ಮೂಲ ನಕ್ಷೆಯಲ್ಲಿ ಇಂಥ ಪಕ್ಕದ ಕಟ್ಟಡಗಳು ನಾಲ್ಕಿದ್ದವು, ದಕ್ಷಿಣದ ಎರಡು ಮೇಲೇಳಲೇ ಇಲ್ಲ. ನಾಲ್ಕೂ ಇರುವ ಕೆಡಲ್‌ಸ್ಟನ್ ನೋಡಬೇಕಿದ್ದರೆ ಕೋಲ್ಕತ್ತಕ್ಕೆ ಹೋಗಬೇಕು! ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿ ಕಟ್ಟಿಸಲು ತೊಡಗಿದ ಗವರ್ನ್‌ಮೆಂಟ್ ಹೌಸ್, ಅಂದರೆ ಬಹುಕಾಲ ರಾಜಭವನ ಎಂದು ಕರೆಸಿಕೊಂಡ ಕಟ್ಟಡ, ಇದೇ ನಕ್ಷೆಯನ್ನು ಆಧರಿಸಿದ್ದು. ಚಾರ್ಲ್ಸ್ ವೈಯಟ್ ಎಂಬ ಸೇನಾ ಎಂಜಿನಿಯರ್ ಅದನ್ನು 1803ರಲ್ಲಿ ಮುಗಿಸಿದ. ಕೆಡಲ್‌ಸ್ಟನ್‌ನಲ್ಲಿ ಹುಟ್ಟಿದ ಹುಡುಗ ನೂರು ವರ್ಷದ ನಂತರ ವೈಸ್‌ರಾಯ್ ಆಗಿ ಅದರ ನಕಲಿನಲ್ಲಿ ವಾಸ ಮಾಡಿದ.

ಮಾರ್ಬಲ್ ಹಾಲ್ ಎಂಬ ಮೊದಲ ಕೋಣೆಯಲ್ಲೇ ಚರ್ಚಿನಲ್ಲಿ ನೋಡಿದ ಕಲ್ಲು ಮತ್ತೆ ಸಿಗುತ್ತದೆ. ತಲಾ 25 ಅಡಿ ಎತ್ತರದ ಇಪ್ಪತ್ತು ಕಂಬಗಳು, ಎಲ್ಲವೂ ಅಲಾಬಾಸ್ಟರ್. ಹೆಸರಿಗೆ ಮಾರ್ಬಲ್ ಹಾಲ್, ಕಂಬ ಮಾರ್ಬಲ್ಲಿನದಲ್ಲ. ಹತ್ತಿರ ಹೋಗಿ, ಮುಟ್ಟದೆ, ಕೆಂಪು ನರಗಳು ಹೇಗೆ ಓಡಿವೆ ನೋಡಿ. ಮೊದಲು ಈ ಕಂಬಗಳು ನುಣುಪಾಗಿದ್ದವು. ಉದ್ದುದ್ದ ಗೀರುಗಾಲುವೆಗಳನ್ನು 1770ರ ದಶಕದಲ್ಲಿ, ಕಂಬಗಳು ನಿಂತಲ್ಲೇ ಕೊರೆದರು. ಕಲ್ಲು ಅಷ್ಟು ಮೆದುವಾದ್ದರಿಂದ ಅದು ಸಾಧ್ಯವಾಯಿತು. ಪಕ್ಕದ ಗೋಡೆಗಳಲ್ಲಿ ಕಿಟಕಿ ಕಾಣದೆ ಬೆಳಕು ಎಲ್ಲಿಂದ ಎಂದು ಹುಡುಕಬೇಡಿ, ತಲೆಯೆತ್ತಿ, ಚಾವಣಿಯ ಗಾಜಿನಿಂದ ಬರುತ್ತಿದೆ. 1777ರಲ್ಲಿ ಬಂದಿದ್ದ ಇಂಗ್ಲಿಷ್ ನಿಘಂಟುಕಾರ ಡಾ. ಜಾನ್ಸನ್‌ಗೆ ಇದೆಲ್ಲ ಅಷ್ಟಾಗಿ ಹಿಡಿಸಲಿಲ್ಲ. ಟೌನ್ ಹಾಲಿಗೆ ಇದು ಚೆನ್ನಾಗಿ ಒಪ್ಪುತ್ತಿತ್ತು, ಕಂಬದ ಕೋಣೆಯಲ್ಲಿ ನ್ಯಾಯಾಧೀಶರನ್ನು, ದುಂಡು ಕೋಣೆಯಲ್ಲಿ ಜ್ಯೂರಿಯನ್ನು, ಮೇಲೆ ಕೈದಿಗಳನ್ನು ಇಡಬಹುದು ಎಂದು ಚುಚ್ಚಿದ್ದ. ಅವನಿಗೆ ಮನೆ ತೋರಿಸಿದವಳು ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮಿಸೆಸ್ ಗಾರ್ನೆಟ್. ಬಂದವರಿಗೆ ಕೊಡಲು 1769ರಷ್ಟು ಹಿಂದೆಯೇ ಚಿತ್ರಗಳ ಪಟ್ಟಿ ಅಚ್ಚಾಗಿತ್ತು. ಅದನ್ನು ಕೈಯಲ್ಲಿ ಹಿಡಿದ ಆಕೆಯ ಭಾವಚಿತ್ರವೂ ಇದೆ, ವಿಚಾರಿಸಿ ನೋಡಿ. ಪರಸ್ಥಳದವರು ಬಂದು ನೋಡಲೆಂದೇ ಈ ಮನೆ ಮೊದಲಿನಿಂದಲೂ ಸಜ್ಜಾಗಿತ್ತು ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಪೂರ್ವದ ಬದಿಯಲ್ಲಿ ಸಂಗೀತ, ಚಿತ್ರ, ಸಾಹಿತ್ಯ ಎಂದು ಮೂರು ಕೋಣೆ. ಡ್ರಾಯಿಂಗ್ ರೂಮಿನಲ್ಲಿ ಜಾನ್ ಲಿನೆಲ್ ಮಾಡಿದ ಚಿನ್ನದ ಲೇಪದ ಸೋಫಾಗಳಿವೆ, ಅವನ್ನು ಹೊತ್ತಿರುವುದು ಮತ್ಸ್ಯಕನ್ಯೆಯರು, ಮತ್ಸ್ಯಪುರುಷರು. ಲೈಬ್ರರಿಯಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಸಲೂನ್ ಎಂಬ ದುಂಡು ಕೋಣೆಯಲ್ಲಿ ಬೇಕು: 42 ಅಡಿ ವ್ಯಾಸ, 62 ಅಡಿ ಎತ್ತರ, ರೋಮಿನ ಪ್ಯಾಂಥಿಯನ್ ಮಾದರಿಯ ಗುಮ್ಮಟ. ನಡುವೆ ನಿಂತು ಮೇಲೆ ನೋಡಿದ ಮೇಲೆ ಗೋಡೆಯ ಗೂಡುಗಳತ್ತ ಬನ್ನಿ. ಅಲ್ಲಿ ಬಲಿಪೀಠಗಳಂತೆ ಕಾಣುವವು ಪೀಠಗಳಲ್ಲ, ಎರಕದ ಕಬ್ಬಿಣದ ಒಲೆಗಳು. ಕೋಣೆ ಬೆಚ್ಚಗಿಡಲು ಬೇಕು, ಆದರೆ ಒಲೆ ಕಾಣಬಾರದು ಎಂಬ ಹಟ. ಪಶ್ಚಿಮದ ಬದಿಯ ಶಯನಗೃಹದ ಮಂಚದ ಕಾಲುಗಳು ತಾಳೆ ಜಾತಿಯ ಮರದ ಕಾಂಡಗಳಂತಿವೆ. ಎಲ್ಲರೂ ಮೇಲಿನ ಗರಿಗಳನ್ನು ನೋಡುತ್ತಾರೆ. ಬಗ್ಗಿ ಬುಡ ನೋಡಿ, ಬೇರುಗಳನ್ನೂ ಕೆತ್ತಿದ್ದಾರೆ.

ಕೋಣೆಗಳು ಮಬ್ಬಾಗಿವೆ, ಪರದೆ ಎಳೆದಿದ್ದಾರೆ ಎಂದು ಬೇಸರಪಡಬೇಡಿ. ರೇಷ್ಮೆ, ಬಣ್ಣದ ಬಟ್ಟೆಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ದಾಟದಂತೆ ನೋಡಿಕೊಳ್ಳುವುದು ಸಂಗ್ರಹಾಲಯಗಳ ಪದ್ಧತಿ. ಕಚೇರಿಯ ಮೇಜಿಗೆ 500 ಲಕ್ಸ್ ಬೇಕು, ಅದರ ಹತ್ತನೇ ಒಂದು ಭಾಗ. ಬೆಳಕಿನಿಂದಾದ ಹಾನಿ ಕೂಡುತ್ತಾ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ. ಒಳಗೆ ಹೋದ ಕೂಡಲೇ ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಬೆನ್ನಿನ ಚೀಲವನ್ನು ಬಾಗಿಲಲ್ಲೇ ತೆಗೆಸುತ್ತಾರೆ, ಇಲ್ಲವೇ ಎದೆಯ ಮೇಲೆ ಹಾಕಿಕೊಳ್ಳಲು ಹೇಳುತ್ತಾರೆ. ತಿರುಗುವಾಗ ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಪಿಂಗಾಣಿ ಒಡೆಯುವುದು ಹಾಗೆಯೇ. ಚೂಪು ಹಿಮ್ಮಡಿಯ ಚಪ್ಪಲಿ ಬೇಡ, ಇಡೀ ಮೈಯ ಭಾರ ಉಗುರಗಲದ ಜಾಗಕ್ಕೆ ಬಿದ್ದು ಮರದ ನೆಲದಲ್ಲಿ ಗುಳಿ ಮಾಡುತ್ತದೆ. ಬರೆದುಕೊಳ್ಳುವುದಿದ್ದರೆ ಪೆನ್ನಿನ ಬದಲು ಪೆನ್ಸಿಲ್. ಕುರ್ಚಿಯ ಮೇಲೆ ದೇವದಾರು ಕಾಯಿಯೋ ಮುಳ್ಳಿನ ಹೂವೋ ಇಟ್ಟಿದ್ದರೆ ಕೂರಬೇಡಿ ಎಂದರ್ಥ. ಕೋಣೆ ಕೋಣೆಗೂ ಇರುವ ಸ್ವಯಂಸೇವಕರು ತಾವಾಗಿ ಮೇಲೆಬಿದ್ದು ಮಾತಾಡುವುದಿಲ್ಲ. 'ಈ ಕೋಣೆಯಲ್ಲಿ ಜನ ನೋಡದೆ ಹೋಗುವುದು ಯಾವುದು?' ಎಂದು ಕೇಳಿ ನೋಡಿ, ಅಲ್ಲಿಂದ ನಿಮ್ಮನ್ನು ಬಿಡುವುದೇ ಇಲ್ಲ.

ಕೆಳಗಿನ ಅಂತಸ್ತಿನಲ್ಲಿ ಈಸ್ಟರ್ನ್ ಮ್ಯೂಸಿಯಂ ಇದೆ. ಭಾರತ, ಪರ್ಶಿಯಾ ಮುಂತಾದ ಕಡೆ ಕರ್ಜನ್ ಕೂಡಿಹಾಕಿದ, ಉಡುಗೊರೆ ಪಡೆದ ವಸ್ತುಗಳಿಗೆಂದು ಅವನೇ ಯೋಜಿಸಿದ್ದು, ತೆರೆದದ್ದು ಅವನು ತೀರಿಕೊಂಡ ಮೇಲೆ, 1927ರಲ್ಲಿ. ಹೆಸರುವಾಸಿಯಾದದ್ದು ಮೇರಿ 1903ರ ಜನವರಿಯಲ್ಲಿ ದೆಹಲಿ ದರ್ಬಾರಿನ ನೃತ್ಯಕೂಟಕ್ಕೆ ತೊಟ್ಟ ನವಿಲು ಗೌನು. ಪ್ಯಾರಿಸಿನ ವರ್ತ್ ಕಂಪನಿ ಹೊಲಿದದ್ದು ಎಂಬ ಮಾತು ಮೊದಲು ಬರುತ್ತದೆ. ಆದರೆ ಅದರ ಜೀವ ಇರುವುದು ದೆಹಲಿಯ ಕಸೂತಿಗಾರರ ಜರ್ದೋಸಿಯಲ್ಲಿ. ಲೋಹದ ಎಳೆಗಳಲ್ಲಿ ನವಿಲುಗರಿಯ ಮೇಲೆ ನವಿಲುಗರಿ, ಒಂದೊಂದು ಗರಿಯ ಕಣ್ಣಿಗೂ ಹಸಿರು ಜೀರುಂಡೆಯ ಗಟ್ಟಿ ಹೊರರೆಕ್ಕೆ. ಲೋಹದ ಎಳೆ ಕಾಲಕ್ರಮದಲ್ಲಿ ಕಪ್ಪಿಟ್ಟಿದೆ, ರೆಕ್ಕೆಯ ಹಸಿರು ಮಾತ್ರ ಮಾಸಿಲ್ಲ, ಏಕೆಂದರೆ ಅದು ಹಚ್ಚಿದ ಬಣ್ಣವಲ್ಲ, ರೆಕ್ಕೆಯ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವ ಬಣ್ಣ. ಹೊಸದರಲ್ಲಿ ಗೌನು ಹೇಗೆ ಹೊಳೆಯುತ್ತಿತ್ತೆಂದು ತಿಳಿಯಲು ವಿಲಿಯಂ ಲಾಗ್ಸ್‌ಡೇಲ್ ಬರೆದ ಮೇರಿಯ ದೊಡ್ಡ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡು ನೋಡಬೇಕು. ಬಟ್ಟೆಗಳನ್ನು ಆಗಾಗ ವಿಶ್ರಾಂತಿಗೆ ಒಳಗಿಡುತ್ತಾರೆ, ಗೌನಿಗಾಗಿಯೇ ಹೋಗುವುದಾದರೆ ಆ ದಿನ ಪ್ರದರ್ಶನದಲ್ಲಿದೆಯೇ ಎಂದು ಕೇಳಿಕೊಳ್ಳಿ.

ಮ್ಯೂಸಿಯಂನ ಫಲಕಗಳನ್ನು ಓದುವಾಗ ವಸ್ತು ಯಾರ ಕೈಯಿಂದ, ಹೇಗೆ ಬಂತು ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ. ನ್ಯಾಷನಲ್ ಟ್ರಸ್ಟ್ ಕೂಡ 2020ರಲ್ಲಿ ತನ್ನ 93 ತಾಣಗಳಿಗೆ ವಸಾಹತುಶಾಹಿ, ಗುಲಾಮಗಿರಿಗಳ ಜೊತೆಗಿದ್ದ ನಂಟಿನ ವರದಿ ಪ್ರಕಟಿಸಿತು, ಕೆಡಲ್‌ಸ್ಟನ್ ಅದರಲ್ಲಿ ಸೇರಿದೆ. ಬಂಗಾಳವನ್ನು ಒಡೆದವನೂ, 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ತಂದವನೂ ಒಬ್ಬನೇ. ನಮಗೆ ಅವನು ಇನ್ನೂ ಹತ್ತಿರದವನು: 1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ಒಪ್ಪಿಸಿದವನು ಈ ಕರ್ಜನ್ನೇ. ಸ್ವಯಂಸೇವಕರಿಗೆ ಅದನ್ನು ಹೇಳಿ, ಅವರೂ ಕುತೂಹಲದಿಂದ ಕೇಳುತ್ತಾರೆ.

ನಿಮ್ಮ ಮನೆಯವರ ಮಂಡಿಯ ವಿಷಯ. ಮುಖ್ಯ ಕೋಣೆಗಳೆಲ್ಲ ಇರುವುದು ನೆಲದಿಂದ ಒಂದು ಅಂತಸ್ತು ಮೇಲೆ. ಹೊರಗಿನ ಕಲ್ಲು ಮೆಟ್ಟಿಲಾಗಲಿ ಒಳಗಿನ ಮೆಟ್ಟಿಲಾಗಲಿ, ಹತ್ತದೆ ವಿಧಿಯಿಲ್ಲ. ಫೋನ್ ಮಾಡಿದಾಗ ಇದನ್ನೂ ಹೇಳಿ, ಆ ದಿನ ಯಾವ ದಾರಿಯಲ್ಲಿ ಮೆಟ್ಟಿಲು ಕಡಿಮೆ, ಏನು ಅನುಕೂಲ ಮಾಡಿಕೊಡಬಹುದು ಎಂದು ತಿಳಿಸುತ್ತಾರೆ. ಒಂದೇ ಸಲ ಹತ್ತಿ, ಮೇಲಿನದನ್ನೆಲ್ಲ ಮುಗಿಸಿ ಒಂದೇ ಸಲ ಇಳಿಯುವಂತೆ ನೋಡಿಕೊಳ್ಳಿ. ಮ್ಯೂಸಿಯಂ ಕೊನೆಗಿರಲಿ. ಕೂರಲು ಬಿಟ್ಟಿರುವ ಕುರ್ಚಿ ಯಾವುದೆಂದು ಕೇಳಿದರೆ ತೋರಿಸುತ್ತಾರೆ, ಸಂಕೋಚ ಬೇಡ. ಪಾರ್ಕಿನಲ್ಲಿ ಸುಮಾರು ಮೂರು ಮೈಲಿಯ ಲಾಂಗ್ ವಾಕ್ ಇದೆ, ಅದನ್ನು ನೀವು ಮಗಳ ಜೊತೆ ಮಾಡಿ. ಅವರಿಗೆ ಆಡಮ್ ಕಟ್ಟಿದ ಮೂರು ಕಮಾನಿನ ಸೇತುವೆಯವರೆಗಿನ ನಡಿಗೆ ಸಾಕು. ಮನೆ ಪೂರ್ತಿ ಕಾಣುವುದೂ ಆ ಕಡೆಯಿಂದಲೇ.

ಊಟಕ್ಕೆ ಕೆಫೆ ಇದೆ, ಸೂಪು, ಬೇಯಿಸಿದ ಆಲೂಗಡ್ಡೆ, ಸ್ಯಾಂಡ್‌ವಿಚ್, ಸ್ಕೋನ್ ಈ ಬಗೆಯವು. ಇಂಗ್ಲೆಂಡಿನಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರಿರುತ್ತದೆ. ಕೇಕು, ಸ್ಯಾಂಡ್‌ವಿಚ್ಚಿನ ಮಯೊನೀಸು ತೆಗೆದುಕೊಳ್ಳುವ ಮೊದಲು ಕೇಳಿ. ಮೊಟ್ಟೆ, ಹಾಲು ಎರಡೂ ಇಲ್ಲದ್ದು ಬೇಕಾದರೆ 'ವೀಗನ್' ಎಂದು ಹೇಳಿದರೆ ಗೊಂದಲವಿಲ್ಲ. ಅದಕ್ಕಿಂತ ಸುಲಭ, ಚಪಾತಿ ಪಲ್ಯವೋ ಪುಳಿಯೋಗರೆಯೋ ಕಟ್ಟಿಕೊಂಡು ಹೋಗುವುದು. ಪಾರ್ಕಿನಲ್ಲಿ ಎಲ್ಲಿ ಬೇಕಾದರೂ ಕೂತು ಉಣ್ಣಬಹುದು, ಮನೆ, ಚರ್ಚಿನ ಒಳಗೆ ಮಾತ್ರ ಇಲ್ಲ. ಕೂರುವ ಮುಂಚೆ ಹುಲ್ಲು ನೋಡಿಕೊಳ್ಳಿ, ಕುರಿಗಳು ನಿಮಗಿಂತ ಮೊದಲೇ ಅಲ್ಲಿಗೆ ಬಂದು ಹೋಗಿರುತ್ತವೆ. ಪ್ಲಾಸ್ಟಿಕ್ ಹಾಸು ಇರಲಿ, ಮಳೆಕೋಟೂ ಇರಲಿ.

ಹತ್ತೂವರೆಗೆ ತಲುಪಿ, ಚರ್ಚು ತೆರೆದ ಕೂಡಲೇ ಅಲ್ಲಿ ಮುಕ್ಕಾಲು ಗಂಟೆ, ಮನೆಯ ಮೇಲಂತಸ್ತಿಗೆ ಒಂದೂವರೆ ಗಂಟೆ, ಊಟ, ಮ್ಯೂಸಿಯಂ ಮುಕ್ಕಾಲು ಗಂಟೆ, ಉಳಿದದ್ದು ಪಾರ್ಕು. ನಾಲ್ಕರ ಹೊತ್ತಿಗೆ ಹೊರಟರೆ ಡರ್ಬಿಯ ಸಂಜೆಯ ಟ್ರಾಫಿಕ್ಕಿಗೂ ಸಿಕ್ಕಿಕೊಳ್ಳುವುದಿಲ್ಲ.

ನಿಮಗೆ ಅನುಕೂಲವಾದ ದಿನ ಮನೆ ಮುಚ್ಚಿದ್ದರೆ ಉತ್ತರಕ್ಕಿರುವ ಚಾಟ್ಸ್‌ವರ್ತ್‌ಗೆ ಹೋಗಬಹುದು. ಅಲ್ಲಿಯೂ ದಣಿಗಳು ಕಣ್ಣಿಗೆ ಅಡ್ಡವಾಗುತ್ತದೆಂದು ಎಡೆನ್ಸರ್ ಎಂಬ ಊರನ್ನು ಸರಿಸಿದರು. ಆದರೆ ಅಲ್ಲಿ ಹೊಸ ಊರು ಈಗಲೂ ಜನವಸತಿಯಿಂದಿದೆ, ಅದರ ನಡುವೆ ಗಿಲ್ಬರ್ಟ್ ಸ್ಕಾಟ್ ಮರುಕಟ್ಟಿದ ಸೇಂಟ್ ಪೀಟರ್ಸ್ ಚರ್ಚಿದೆ. ಅದರ ಅಂಗಳದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ ಜೋಸೆಫ್ ಪ್ಯಾಕ್ಸ್‌ಟನ್‌ನ ಸಮಾಧಿ, ಅಧ್ಯಕ್ಷ ಕೆನಡಿಯ ತಂಗಿ ಕ್ಯಾಥ್ಲೀನಳ ಸಮಾಧಿ ಎರಡೂ ಸಿಗುತ್ತವೆ. ಚಾಟ್ಸ್‌ವರ್ತ್ ನ್ಯಾಷನಲ್ ಟ್ರಸ್ಟಿನದಲ್ಲ, ಅಲ್ಲಿಗೆ ಟಿಕೆಟ್ ಬೇರೆಯೇ ಕೊಳ್ಳಬೇಕು.